ಇದ್ದೀತು, ಇರಬೇಕು, ಇಟ್ಟುಕೊಳ್ಳೋಣ

ಸವಣೂರು
ಆಟಿ ತಿಂಗಳು

ಪ್ರೀತಿಯ ಪುಳ್ಳಿಗೆ ಅಜ್ಜನ ಆಶೀರ್ವಾದಗಳು.

ಮಳೆ ಬಿಡುತ್ತಿಲ್ಲ, ಕರೆಂಟು ಬಂದರೆ ಬಂತು. ನೀನು ಕಳಿಸಿದ ವಾಟ್ಸ್‌ಆ್ಯಪ್ ಓದಿ ಅಲ್ಲೇ ಎರಡು ಸಾಲು ಒತ್ತೋಣ ಅಂದುಕೊಂಡೆ. ಆದರೆ ಕೇಳಿದ ಪ್ರಶ್ನೆ ಎರಡು ಸಾಲಿಗೆ ಬಗ್ಗುವಂಥದ್ದಲ್ಲ. ನಿನ್ನ ಮ್ಯಾನೇಜರು ಮೀಟಿಂಗಿನಲ್ಲಿ ಎಲ್ಲರ ಎದುರಿಗೆ 'ಅಸ್ಯೂಮ್ ಮಾಡಬೇಡ' ಅಂದರಂತೆ. ಆಮೇಲೆ ನೀನು ಮೇಲ್ ಬರೆಯುವಾಗ ಅಸ್ಯೂಮ್ ತೆಗೆದು ಪ್ರಿಸ್ಯೂಮ್ ಹಾಕಿದೆ, ಅದೂ ಸರಿ ಕಾಣದೆ ಸಪೋಸ್ ಹಾಕಿದೆ, ಕಡೆಗೆ ಮೂರನ್ನೂ ಬಿಟ್ಟು ನನ್ನನ್ನು ಕೇಳಿದೆ. ಪುತ್ತೂರಿನ ವಕೀಲರ ಆಫೀಸಿನಲ್ಲಿ ಗುಮಾಸ್ತನಾಗಿ ಇಂಗ್ಲಿಷ್ ದಾವೆ ಟೈಪು ಮಾಡಿಯೇ ಕೂದಲು ಬೆಳ್ಳಗಾದವನು ನಾನು. ವ್ಯಾಕರಣ ಪುಸ್ತಕ ಓದಿ ಕಲಿತ ಇಂಗ್ಲಿಷಲ್ಲ ನನ್ನದು, ಒಂದು ಶಬ್ದ ಹೆಚ್ಚುಕಮ್ಮಿಯಾದರೆ ಯಾರ ತೋಟ ಯಾರ ಪಾಲಾಗುತ್ತದೆ ಅಂತ ನೋಡಿ ಕಲಿತದ್ದು. ಹಾಗಾಗಿ ನನ್ನ ಉತ್ತರಕ್ಕೆ ಸ್ವಲ್ಪ ಕೋರ್ಟಿನ ವಾಸನೆ ಉಂಟು, ಸಹಿಸಿಕೋ.

ಮೊದಲು ಸಪೋಸ್ ಬಗ್ಗೆ. ಈ ಶಬ್ದ ಇಂಗ್ಲಿಷಿನದು ಅಂತ ನಮ್ಮೂರಲ್ಲಿ ಯಾರಿಗೂ ಅನ್ನಿಸುವುದೇ ಇಲ್ಲ. ಚಾಲಿ ಅಡಿಕೆ ಮಾರದೆ ಇಟ್ಟವನನ್ನು ಯಾಕೆ ಮಾರಾಯ ಅಂತ ಕೇಳಿದರೆ 'ಸಪೋಸ್ ರೇಟು ಏರಿದರೆ?' ಅನ್ನುತ್ತಾನೆ. ಹೊಸ ಅಡಿಕೆ ಹಳತಾಗಿ ಸಿಂಗಲ್ ಚೋಲ್ ಆಗುವುದು, ಇನ್ನೂ ಹಳತಾಗಿ ಡಬಲ್ ಚೋಲ್ ಆಗುವುದು ಈ ಒಂದು ಸಪೋಸಿನ ಮೇಲೆ. ತುಳುವಿನಲ್ಲೂ ಹಾಗೇ, ಮಳೆ ಬಂದರೆ ಅನ್ನಲು 'ಸಪೋಸ್ ಬರ್ಸ ಬತ್ತ್ಂಡ?' ಇಂಗ್ಲಿಷಿನಲ್ಲಿ ಅದು ಕ್ರಿಯಾಪದ, ಅದಕ್ಕೊಬ್ಬ ಕರ್ತೃ ಬೇಕು, ಕಾಲ ಬೇಕು. ನಮ್ಮ ಬಾಯಿಗೆ ಬಂದದ್ದೇ ಅದು 'ಒಂದು ವೇಳೆ'ಯ ಜಾಗದಲ್ಲಿ ಕೂತು ಅವ್ಯಯವಾಯಿತು. ಸಪೋಸಿದೆ, ಸಪೋಸಿದಳು ಅಂತ ಯಾರೂ ಹೇಳುವುದಿಲ್ಲ ನೋಡು.

ಅಲ್ಲಿಂದಲೇ ನಮ್ಮವರ ಇಂಗ್ಲಿಷಿಗೆ ಆ ಹೆಸರಾಂತ 'ಸಪೋಸ್ ಇಫ್' ಬಂದದ್ದು. 'ಸಪೋಸ್ ಇಫ್ ಇಟ್ ರೈನ್ಸ್' ಅಂತ ನೀನೂ ಬರೆದದ್ದನ್ನು ನೋಡಿದ್ದೇನೆ. ಇಂಗ್ಲಿಷಿನವರಿಗೆ ಎರಡರಲ್ಲಿ ಒಂದು ಸಾಕು, ಎರಡೂ ಬಂದರೆ ಕಿವಿಗೆ ಚುಚ್ಚುತ್ತದೆ. ನಮಗೆ ಯಾಕೆ ಚುಚ್ಚುವುದಿಲ್ಲ? ಕನ್ನಡದಲ್ಲಿ 'ಒಂದು ವೇಳೆ ಮಳೆ ಬಂದರೆ' ಅನ್ನುವಾಗ ಊಹೆಯ ಕೆಲಸ ಎರಡು ಕಡೆ ನಡೆಯುತ್ತದೆ. ವಾಕ್ಯದ ತಲೆಗೆ 'ಒಂದು ವೇಳೆ', ಬಾಲಕ್ಕೆ '-ದರೆ'. ನಿಜವಾದ ಕೆಲಸ ಬಾಲದ್ದು. 'ಒಂದು ವೇಳೆ' ತೆಗೆದರೂ ಅರ್ಥ ಕೆಡುವುದಿಲ್ಲ, '-ದರೆ' ತೆಗೆದರೆ ವಾಕ್ಯವೇ ಬಿದ್ದು ಹೋಗುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಅಲ್ಲಿಯ ತನಕ ಕೇಳುವವರು ಇದು ಆದದ್ದೋ ಆಗಬಹುದಾದದ್ದೋ ತಿಳಿಯದೆ ಕಾಯಬೇಕು. ಅದಕ್ಕೆ ಮುಂಚೆಯೇ ಒಂದು ಸೂಚನೆ ಕೊಡುವುದು. ಇಂಗ್ಲಿಷಿನಲ್ಲಿ ಇಫ್ ಮೊದಲಿಗೇ ಬರುವುದರಿಂದ ಆ ಸೂಚನೆ ಬೇಡ. ನಮ್ಮ ನಾಲಿಗೆ ಮಾತ್ರ ಅಲ್ಲಿಗೂ ಎರಡನ್ನೂ ಹೊತ್ತುಕೊಂಡು ಹೋಗುತ್ತದೆ. ಇದನ್ನು ದಡ್ಡತನ ಅನ್ನುವ ಇಂಗ್ಲಿಷ್ ಮೇಷ್ಟ್ರುಗಳ ಮೇಲೆ ನನಗೆ ಸಿಟ್ಟಿದೆ. ತಪ್ಪು ಹೌದು, ಬರೆಯಬೇಡ. ಆದರೆ ಅದಕ್ಕೆ ಕಾರಣ ಉಂಟು, ಆ ಕಾರಣ ಮಕ್ಕಳಿಗೆ ಹೇಳಿದರೆ ತಪ್ಪು ತನ್ನಷ್ಟಕ್ಕೆ ಹೋಗುತ್ತದೆ.

ಇನ್ನೊಂದು ಸಂಗತಿ ನಿನಗೆ ಖುಷಿ ಕೊಟ್ಟೀತು. ಇಂಗ್ಲಿಷಿನಲ್ಲಿ ನಾಳೆಯ ಮಳೆಯ ಬಗ್ಗೆ 'ಸಪೋಸ್ ಇಟ್ ರೈನ್ಡ್' ಅಂತ ಭೂತಕಾಲ ಹಾಕುತ್ತಾರಲ್ಲ, ಬರಲಾರದು ಅನ್ನುವ ಭಾವ ಹೆಚ್ಚಿದ್ದರೆ? ಶಾಲೆಯಲ್ಲಿ ಇದು ಎಲ್ಲರಿಗೂ ಕಗ್ಗಂಟು. ನಾಳೆಯ ಮಾತಿಗೆ ನಿನ್ನೆಯ ರೂಪ ಯಾಕೆ ಅಂತ. ಆದರೆ ನಮ್ಮ 'ಬಂದರೆ'ಯನ್ನು ಬಿಡಿಸಿ ನೋಡು. ಬರು ಅಲ್ಲ, ಬಂದು, ಬಂದ ಅನ್ನುವಲ್ಲಿ ಇರುವ ಭೂತಕಾಲದ ರೂಪವೇ. ಹೋದರೆ, ಬಿದ್ದರೆ, ಕೊಟ್ಟರೆ, ಎಲ್ಲದರ ಹೊಟ್ಟೆಯಲ್ಲೂ ಆಗಿ ಹೋದ ಕಾಲ ಕೂತಿದೆ. ಮುಂದೆ ಆಗುವುದನ್ನು ಆಗಿಯೇ ಹೋದಂತೆ ಕಣ್ಣೆದುರು ನಿಲ್ಲಿಸಿ, ಆಮೇಲೇನು ಅಂತ ಕೇಳುವುದೇ ಊಹೆ. ಇದು ಗೊತ್ತಿರುವ ಕನ್ನಡದ ಹುಡುಗಿಗೆ ಇಂಗ್ಲಿಷಿನ ಆ ಭೂತಕಾಲ ವಿಚಿತ್ರ ಅನ್ನಿಸಬೇಕಾಗಿಯೇ ಇಲ್ಲ.

ಇದಕ್ಕೆಲ್ಲ ನಮ್ಮ ಜಿಲ್ಲೆಯವರೇ ಒಬ್ಬರು ದೊಡ್ಡ ಲೆಕ್ಕ ಬರೆದಿಟ್ಟಿದ್ದಾರೆ. ಡಿ. ಎನ್. ಶಂಕರ ಭಟ್ಟರು. 1967ರಲ್ಲಿ ತುಳುವಿನ ವ್ಯಾಕರಣ, 1971ರಲ್ಲಿ ಹವ್ಯಕ ಕನ್ನಡದ್ದು, ಅದೇ ವರ್ಷ ಕೊರಗ ಭಾಷೆಯದ್ದು ಹೊರಗೆ ತಂದವರು. 1999ರಲ್ಲಿ ಅವರ ಇನ್ನೊಂದು ಇಂಗ್ಲಿಷ್ ಪುಸ್ತಕ ಬಂತು. ಕೆಲವು ಭಾಷೆಗಳಿಗೆ ಕೆಲಸ ಯಾವಾಗ ನಡೆಯಿತು ಅನ್ನುವುದು ಮುಖ್ಯ, ಕೆಲವಕ್ಕೆ ಮುಗಿಯಿತೋ ನಡೆಯುತ್ತಿದೆಯೋ ಅನ್ನುವುದು ಮುಖ್ಯ, ಇನ್ನು ಕೆಲವಕ್ಕೆ ನಿಜವಾಗಿ ನಡೆದದ್ದೋ ಆಡುವವನ ಎಣಿಕೆಯೋ ಅನ್ನುವುದೇ ಎಲ್ಲಕ್ಕಿಂತ ಮುಖ್ಯ ಅಂತ ಅದರಲ್ಲಿ ವಾದಿಸಿದ್ದಾರೆ. ಬೆಂಗಳೂರಿನ ಯಾವುದಾದರೂ ಲೈಬ್ರರಿಯಲ್ಲಿ ಸಿಕ್ಕಿದರೆ ತಿರುವಿ ಹಾಕು. ಅವರ ಕನ್ನಡ ಬರೆಯುವ ಕ್ರಮದ ಬಗ್ಗೆ ಜಗಳ ಇದ್ದವರೂ ಈ ಕೆಲಸದ ಎದುರು ಟೊಪ್ಪಿ ತೆಗೆಯುತ್ತಾರೆ.

ನಮ್ಮಲ್ಲಿ ಎಣಿಕೆಗೆ ಎಷ್ಟು ಬಗೆ ಉಂಟು ಅಂತ ನೀನೇ ನೋಡು. ಯಾರೋ ಹೇಳಿದ್ದು ಕೇಳಿದ್ದಾದರೆ 'ಬಂದನಂತೆ'. ತುಳುವಿನವರಿಗೆ 'ಬತ್ತೆಗೆ', ಹವ್ಯಕರಿಗೆ 'ಬಂದನಡ'. ಅಂಗಳದಲ್ಲಿ ಚಪ್ಪಲಿ ಕಂಡು ಹೇಳುವುದಾದರೆ 'ಬಂದಿರಬೇಕು'. ಚಪ್ಪಲಿಯೂ ಇಲ್ಲ, ಸುಮ್ಮನೆ ಮನಸ್ಸಿಗೆ ತೋಚಿದ್ದಾದರೆ 'ಬಂದನೋ ಏನೋ'. ಆಗಲೂಬಹುದು, ಆಗದೆಯೂ ಇರಬಹುದು, ಆದರೆ ಎಚ್ಚರದಲ್ಲಿರು ಅನ್ನುವುದಾದರೆ 'ಬಂದಾನು'. ವ್ಯಾಕರಣದವರು ಇದನ್ನು ಸಂಭಾವನಾರ್ಥ ಅನ್ನುತ್ತಾರೆ. ಹುಡುಗಿಯಾಗಿದ್ದಾಗ ನೀನು ಹಾವಸೆ ಕಟ್ಟಿದ ಅಂಗಳದಲ್ಲಿ ಓಡುವಾಗ ಅಜ್ಜಿ ಕೂಗುತ್ತಿದ್ದದ್ದು 'ಬಿದ್ದೀಯ, ಮೆಲ್ಲ!' ಅಂತ. ಬೀಳುತ್ತೀಯ ಅಂದರೆ ಭವಿಷ್ಯ, ಬೀಳಬಹುದು ಅಂದರೆ ಹವಾಮಾನ ವರದಿ, ಬಿದ್ದೀಯ ಅಂದರೆ ಅಲ್ಲಿ ಪ್ರೀತಿಯೂ ಹೆದರಿಕೆಯೂ ಇದೆ. ಈಗಿನ ಪೇಪರುಗಳಲ್ಲಿ ಎಲ್ಲದಕ್ಕೂ 'ಸಾಧ್ಯತೆ ಇದೆ'. ಬಿದ್ದೀತು, ಆದೀತು, ಬಂದಾರು, ಇವೆಲ್ಲ ಕಡಿಮೆಯಾಗುತ್ತಾ ಬಂದಿವೆ. ನನಗದು ಬೇಸರದ ಸಂಗತಿ. ನೀನಾದರೂ ಫೋನಿನಲ್ಲಿ ಅಮ್ಮನ ಹತ್ತಿರ ಮಾತಾಡುವಾಗ ಬಳಸು.

ಇನ್ನು ಅಸ್ಯೂಮ್. ಅದರ ಬೇರು ಲ್ಯಾಟಿನಿನ 'ತೆಗೆದುಕೊಳ್ಳು' ಅನ್ನುವ ಶಬ್ದದಲ್ಲಿದೆ. ಹತ್ತಿರಕ್ಕೆ ತೆಗೆದುಕೊಳ್ಳುವುದು, ಮೈಮೇಲೆ ಹಾಕಿಕೊಳ್ಳುವುದು. ಅದಕ್ಕೇ ಹೊಸ ತಹಶೀಲ್ದಾರರು ಬಂದರೆ 'ಅಸ್ಯೂಮ್ಡ್ ಚಾರ್ಜ್' ಅಂತ ಬರೆಯುವುದು. ಅಧಿಕಾರ ವಹಿಸಿಕೊಂಡರು ಅಂತ ಅರ್ಥ, ಅಧಿಕಾರ ಇದೆಯೆಂದು ಊಹಿಸಿದರು ಅಂತಲ್ಲ. ಪ್ರಿಸ್ಯೂಮ್ ಅದೇ ಬೇರಿನ 'ಮೊದಲೇ ತೆಗೆದುಕೊಳ್ಳುವುದು'. ಸಪೋಸಿನ ಮೂಲ 'ಅಡಿಗೆ ಇಡುವುದು'. ನಾವು 'ಅಂತ ಇಟ್ಟುಕೊಳ್ಳೋಣ' ಅನ್ನುವಾಗಲೂ ಇಡುವುದೇ. ಯಾರೂ ಯಾರಿಂದಲೂ ಕಲಿತದ್ದಲ್ಲ, ಆದರೂ ಎರಡೂ ಕಡೆಯವರು ಊಹೆಯನ್ನು ಕೈಯಲ್ಲಿ ಹಿಡಿದು ಇಡುವ ವಸ್ತುವಿನ ಹಾಗೆ ಕಂಡಿದ್ದಾರೆ.

ಅಸ್ಯೂಮ್ ಅಂದರೆ ಎಂತದು ಅಂತ ನನಗೆ ದಿನಾ ಕಲಿಸುವುದು ನಮ್ಮ ಊರಿನ ಹೆಸರು. ಸವಣೂರು ಅಂದ ಕೂಡಲೇ ಘಟ್ಟದ ಮೇಲಿನವರಿಗೆ ಹಾವೇರಿ ಜಿಲ್ಲೆಯ ಸವಣೂರು. ನವಾಬರ ಸವಣೂರು, ವೀಳ್ಯದೆಲೆಯ ಸವಣೂರು, ದೈತ್ಯ ಬಾವೋಬಾಬ್ ಮರಗಳ ಸವಣೂರು. 1909ರಲ್ಲಿ ವಿ. ಕೃ. ಗೋಕಾಕರು ಹುಟ್ಟಿದ ಊರು. (ಇಂಗ್ಲಿಷ್ ಪ್ರೊಫೆಸರಾಗಿ, ಹೈದರಾಬಾದಿನ ಕೇಂದ್ರ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರೂ ಆಗಿದ್ದವರು ಅವರು. ನಿನ್ನ ಪ್ರಶ್ನೆ ಅವರ ಸವಣೂರಿಗೆ ಹೋಗಿದ್ದರೆ ಇನ್ನೂ ಒಳ್ಳೆಯ ಉತ್ತರ ಬರುತ್ತಿತ್ತು.) ನಮ್ಮದು ಬೇರೆ, ಪುತ್ತೂರಿನಿಂದ ಕಾಣಿಯೂರು ದಾರಿಯಲ್ಲಿ ಅಡಿಕೆ ರಬ್ಬರುಗಳ ನಡುವೆ ಇರುವುದು. ನಾನು ಸವಣೂರಿನವ ಅಂದರೆ 'ಓಹ್, ನಿಮ್ಮ ಕಡೆ ಖಾರ ಭಾರೀ ಫೇಮಸ್ಸು' ಅಂತ ಎಷ್ಟು ಜನ ಹೇಳಿದ್ದಾರೋ. ಅವರದು ಬರೀ ಅಸ್ಯೂಮ್. ತಲೆಯಲ್ಲಿ ಒಂದೇ ಸವಣೂರು ಇದ್ದದ್ದರಿಂದ ಎರಡನೆಯದು ಇದ್ದೀತೋ ಅಂತ ಕೇಳಬೇಕು ಅನ್ನಿಸಲೇ ಇಲ್ಲ. ತಾನು ಊಹಿಸುತ್ತಿದ್ದೇನೆ ಅಂತ ಊಹಿಸುವವನಿಗೇ ಗೊತ್ತಿರುವುದಿಲ್ಲ, ಅಪಾಯ ಅಲ್ಲಿದೆ. ಈಗ ನಾವು ಕಡಬ ತಾಲೂಕು. ಇನ್ನೂ ಪುತ್ತೂರು ತಾಲೂಕು ಅಂತ ಅರ್ಜಿ ತುಂಬುವವರು ನಮ್ಮೂರಲ್ಲೇ ಇದ್ದಾರೆ. ಅದೂ ಅದೇ ಜಾತಿ.

ಪ್ರಿಸ್ಯೂಮ್ ನನ್ನ ಕಸುಬಿನ ಶಬ್ದ, ಅದರ ಬಗ್ಗೆ ಸ್ವಲ್ಪ ಕೂತು ಹೇಳಬೇಕು.

1872ರ ಸಾಕ್ಷ್ಯ ಕಾಯ್ದೆಯನ್ನು ಬರೆದವನು ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್. ನೀನು ಕಾಲೇಜಿನಲ್ಲಿ ಓದಿದ ವರ್ಜೀನಿಯಾ ವುಲ್ಫ್‌ಳ ದೊಡ್ಡಪ್ಪ. 2024ರ ಜುಲೈ 1ರಿಂದ ಅದರ ಬದಲಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಕಲಂಗಳ ನಂಬರು ಬದಲಾಗಿದೆ, ಈ ವಿಷಯದಲ್ಲಿ ತಿರುಳು ಅದೇ. ಸ್ಟೀಫನ್ ಊಹೆಗೆ ಮೂರು ಮೆಟ್ಟಿಲು ಕಟ್ಟಿದ. ಮೊದಲನೆಯದು 'ಮೇ ಪ್ರಿಸ್ಯೂಮ್': ಕೋರ್ಟು ಹಾಗೆ ಎಣಿಸಿಕೊಳ್ಳಬಹುದು, ಬೇಕಾದರೆ ಸಾಕ್ಷಿ ತನ್ನಿ ಅಂತಲೂ ಹೇಳಬಹುದು. ಎರಡನೆಯದು 'ಶಲ್ ಪ್ರಿಸ್ಯೂಮ್': ಅಲ್ಲ ಅಂತ ಯಾರಾದರೂ ಸಾಬೀತು ಮಾಡುವ ತನಕ ಹೌದು ಅಂತಲೇ ಎಣಿಸಬೇಕು. ಮೂರನೆಯದು ನಿರ್ಣಾಯಕ ರುಜುವಾತು, ಅಲ್ಲಿ ಎದುರು ಸಾಕ್ಷಿಗೆ ಬಾಗಿಲೇ ಇಲ್ಲ. ಕಳವಾದ ಸ್ವಲ್ಪ ಹೊತ್ತಿನಲ್ಲೇ ಕದ್ದ ಮಾಲು ಒಬ್ಬನ ಕೈಯಲ್ಲಿ ಸಿಕ್ಕಿ, ಎಲ್ಲಿಂದ ಬಂತು ಅಂತ ಅವನು ಹೇಳಲಾರದೆ ಹೋದರೆ, ಅವನೇ ಕಳ್ಳ ಅಥವಾ ಕಳ್ಳಮಾಲು ಅಂತ ಗೊತ್ತಿದ್ದೇ ತೆಗೆದುಕೊಂಡವನು ಅಂತ ಎಣಿಸಬಹುದು. ಇದು ಕಾಯ್ದೆಯಲ್ಲೇ ಇರುವ ಉದಾಹರಣೆ, ಮೊದಲನೇ ಮೆಟ್ಟಿಲಿನದು.

ಎರಡನೇ ಮೆಟ್ಟಿಲಿನದು ನಮ್ಮ ಮನೆ ಕಪಾಟಿನಲ್ಲೇ ಇದೆ. ಆರ್‌ಟಿಸಿ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ 133ನೇ ಕಲಂ ಪ್ರಕಾರ ಹಕ್ಕುದಾಖಲೆಯಲ್ಲಿ ಬರೆದದ್ದು ನಿಜ ಅಂತಲೇ ಎಣಿಸಬೇಕು, ಸುಳ್ಳೆಂದು ಸಾಬೀತಾಗುವ ತನಕ ಅಥವಾ ಕ್ರಮಪ್ರಕಾರ ಹೊಸ ನಮೂದು ಬರುವ ತನಕ. ಈ 'ತನಕ'ದ ಮೇಲೆ ಪುತ್ತೂರು ಕೋರ್ಟಿನ ಎಷ್ಟು ವಕೀಲರ ಒಲೆ ಉರಿದಿದೆ ಗೊತ್ತಾ? ಆರ್‌ಟಿಸಿಯಲ್ಲಿ ಹೆಸರಿದ್ದವನು ಸುಮ್ಮನೆ ಕೂತಿರಬಹುದು. ಹೆಸರಿಲ್ಲದವನು ಪಾಲುಪಟ್ಟಿ, ತೀರ್ವೆ ರಶೀದಿ, ಹಳೆಯ ಗೇಣಿ ಚೀಟಿ ಎಲ್ಲ ಹೊತ್ತು ತಿರುಗಬೇಕು. ಪ್ರಿಸ್ಯೂಮಿನ ಗುಟ್ಟು ಇಷ್ಟೇ: ಅದು ಯಾವುದೋ ಆಧಾರದ ಮೇಲೆ ನಿಂತಿರುತ್ತದೆ, ಯಾರು ಅದನ್ನು ಉರುಳಿಸಬೇಕು ಅಂತ ಗೊತ್ತಿರುತ್ತದೆ, ಉರುಳುವ ತನಕ ಅದರ ಮೇಲೆ ಕೆಲಸ ನಡೆಯುತ್ತದೆ. ಅಸ್ಯೂಮಿಗೆ ಇವು ಯಾವುದೂ ಬೇಕಾಗಿಲ್ಲ. ಅದು ಬರಿಗೈಯಲ್ಲಿ ಬರುತ್ತದೆ.

ನಾನು ಟೈಪು ಮಾಡಿದವುಗಳಲ್ಲಿ ಮರೆಯದ ಒಂದು ದಾವೆ ಇದೆ, ಊರು ಹೆಸರು ಹೇಳುವುದಿಲ್ಲ. ನಮ್ಮ ಕಡೆಯಿಂದ ಆಗ ಹುಡುಗರು ಬೊಂಬಾಯಿ ಹೋಟೇಲಿಗೆ ಓಡಿ ಹೋಗುವುದು ಮಾಮೂಲು. ಪರೀಕ್ಷೆ ಫೇಲಾಗಲಿ, ಅಪ್ಪ ಹೊಡೆಯಲಿ, ಬಸ್ಸು ಹತ್ತಿಬಿಡುವುದು. ಹೆಚ್ಚಿನವರು ಒಂದಲ್ಲ ಒಂದು ದಿನ ಪೆಟ್ಟಿಗೆ, ರೇಡಿಯೋ ಹಿಡಿದು ಬಂದರು. ಈ ಮನೆಯ ಹುಡುಗ ಬರಲಿಲ್ಲ. ಮೊದಲು ಮನಿಯಾರ್ಡರು ಬರುತ್ತಿತ್ತು, ಆಮೇಲೆ ಅದೂ ನಿಂತಿತು. ವರ್ಷಗಳ ಮೇಲೆ ಅಣ್ಣತಮ್ಮಂದಿರು ಪಾಲಾಗಲು ಹೊರಟಾಗ ಅವನ ಸಹಿ ಬೇಕಾಯಿತು. ಸಾಕ್ಷ್ಯ ಕಾಯ್ದೆಯ 108ನೇ ಕಲಂ (ಈಗಿನದರಲ್ಲಿ 111) ಹೇಳುವುದು ಏನೆಂದರೆ, ಬದುಕಿದ್ದರೆ ಯಾರಿಗೆ ಸಹಜವಾಗಿ ಸುದ್ದಿ ಬರಬೇಕಿತ್ತೋ ಅವರಿಗೆ 7 ವರ್ಷ ಸುದ್ದಿಯೇ ಇಲ್ಲವಾದರೆ, ಅವನು ಬದುಕಿದ್ದಾನೆ ಅನ್ನುವವರ ಮೇಲೆ ಅದನ್ನು ತೋರಿಸುವ ಹೊಣೆ. ಸತ್ತ ಅಂತ ಕಾನೂನು ಎಲ್ಲೂ ಖಚಿತವಾಗಿ ಹೇಳುವುದಿಲ್ಲ ನೋಡು. ಹೊಣೆಯನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ದಾಟಿಸುತ್ತದೆ, ಅಷ್ಟೇ. ಯಾವ ದಿನ ಸತ್ತ ಅಂತಲೂ ಅದು ಎಣಿಸುವುದಿಲ್ಲ. ಕಾಣೆಯಾದ ದಿನವೇ ಸತ್ತ ಅಂತ ಇಟ್ಟುಕೊಂಡು ವಿಮೆ ಹಣ ಕೊಡಿ ಅಂತ ಕೇಳಿದ ಒಂದು ಪ್ರಕರಣದಲ್ಲಿ, 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ತಾರೀಕು ಬೇಕಾದರೆ ಸಾಕ್ಷಿ ಬೇಕು ಅಂದಿತು.

ಹುಡುಗನ ತಾಯಿ ಘಟ್ಟದ ಮೇಲಿನಿಂದ ಮದುವೆಯಾಗಿ ಬಂದವರು, ಕನ್ನಡವೇ ಆಡುತ್ತಿದ್ದರು. ವಕೀಲರು ಕಲಂ ವಿವರಿಸಿದರು. ಆ ಅಮ್ಮ ಎಲ್ಲ ಕೇಳಿ 'ಇದ್ದಾನು' ಅಂದರು. ವಕೀಲರು ಇನ್ನೊಮ್ಮೆ ವಿವರಿಸಿದರು, ಅವರು ಇನ್ನೊಮ್ಮೆ 'ಇದ್ದಾನು' ಅಂದರು. ಇದ್ದಾನೆ ಅನ್ನಲಿಲ್ಲ, ಅದಕ್ಕೆ ಆಧಾರ ಇಲ್ಲ ಅಂತ ಅವರಿಗೆ ಗೊತ್ತಿತ್ತು. ಇರಬೇಕು ಅನ್ನಲಿಲ್ಲ, ಯಾವ ಗುರುತೂ ಇರಲಿಲ್ಲ. ದಾವೆಯ ಕಾಗದದಲ್ಲಿ ನಾನು ಇಂಗ್ಲಿಷಿನಲ್ಲಿ 'ಪ್ರಿಸ್ಯೂಮ್ಡ್ ಟು ಬಿ ಡೆಡ್' ಅಂತ ಹೊಡೆದೆ, ಅದರ ಕೆಳಗೆ ಅವರು ಹೆಬ್ಬೆಟ್ಟು ಒತ್ತಿದರು. ಎರಡರಲ್ಲಿ ಯಾವುದೂ ಸುಳ್ಳಲ್ಲ. ಕೋರ್ಟಿಗೆ ಜಾಗ ಪಾಲು ಮಾಡಲು ಒಂದು ಎಣಿಕೆ ಬೇಕಿತ್ತು, ಅಮ್ಮನಿಗೆ ರಾತ್ರಿ ಮಲಗಲು ಇನ್ನೊಂದು.

ಊಹೆ ಫಲಿಸಲಿಲ್ಲ ಅಂದ ಮಾತ್ರಕ್ಕೆ ಊಹಿಸಿದ್ದೇ ತಪ್ಪು ಅನ್ನುವವರ ಮೇಲೂ ನನಗೆ ತಕರಾರುಂಟು. ಪ್ರತಿ ಮಳೆಗಾಲ ನಮ್ಮಲ್ಲಿ ಒಂದು ನಾಟಕ ನಡೆಯುತ್ತದೆ. ಹವಾಮಾನ ಇಲಾಖೆ ರೆಡ್ ಅಲರ್ಟ್ ಹಾಕುತ್ತದೆ. ಅಂದರೆ 24 ಗಂಟೆಯಲ್ಲಿ 204.4 ಮಿಲಿಮೀಟರಿಗಿಂತ ಹೆಚ್ಚು ಮಳೆ ಬಂದೀತು ಅಂತ ಅವರ ಎಣಿಕೆ. ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಡುತ್ತಾರೆ. ಕೆಲವು ಸಲ ಅಂದೇ ಬಿಸಿಲು. ಆಗ ನೋಡಬೇಕು, ಸವಣೂರು ಪೇಟೆಯ ಹೋಟೇಲಿನಲ್ಲಿ ಚಾ ಕುಡಿಯುವ ಅಷ್ಟೂ ಜನ ಹವಾಮಾನ ತಜ್ಞರು. ಹಿಂದಿನ ರಾತ್ರಿ ಕೈಯಲ್ಲಿದ್ದ ಉಪಗ್ರಹದ ಚಿತ್ರ, ಗಾಳಿಯ ಲೆಕ್ಕ ನೋಡಿದರೆ ಆ ರಜೆ ಸರಿಯಾದದ್ದೇ, ಮರುದಿನ ಬಿಸಿಲು ಬಂದರೂ ಸರಿಯಾದದ್ದೇ. ನಗುವವರೇ ಮನೆಗೆ ಹೋಗಿ ಮಾಡುವುದು ಏನು? ಮುಂಗಾರು ಜೋರಾಗುವ ಮೊದಲೇ 100 ಲೀಟರು ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ ಕಲಸಿ ಅಡಿಕೆ ಗೊನೆಗೆ ಮದ್ದು ಬಿಡುವುದು. ಕೊಳೆ ಬಂದಿಲ್ಲ, ಬಂದೀತು ಅಂತ. ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗದ ಬಗ್ಗೆ ಬರೆದು ಬೋರ್ಡೋ ದ್ರಾವಣದ ದಾರಿ ತೋರಿಸಿದಂದಿನಿಂದ ನಮ್ಮ ತೋಟಗಳು ನಿಂತಿರುವುದೇ ಈ ಎಣಿಕೆಯ ಮೇಲೆ. ಕೊಳೆ ಬಾರದ ವರ್ಷ ಯಾರೂ ಮದ್ದು ದಂಡವಾಯಿತು ಅಂತ ಅಳುವುದಿಲ್ಲ.

ಸಪೋಸಿನ ಇನ್ನೊಂದು ಮುಖ ಆಟದ್ದು. ನಿಜ ಅಲ್ಲ ಅಂತ ಗೊತ್ತಿದ್ದೂ ಇಟ್ಟುಕೊಳ್ಳುವುದು. ಎಸ್ಸೆಸ್ಸೆಲ್ಸಿಯಲ್ಲಿ √2 ಅಭಾಗಲಬ್ಧ ಅಂತ ಸಾಧಿಸಿದ್ದು ನೆನಪಿದೆಯಾ? ಮೊದಲಿಗೇ ಅದು ಭಾಗಲಬ್ಧ ಅಂತ ಭಾವಿಸಿಕೊಂಡು, ಕೊನೆಗೆ ಅದೇ ಭಾವನೆಯನ್ನು ಒಡೆದು ಹಾಕಿದ್ದು. ತಾಳಮದ್ದಳೆಯಲ್ಲಿ ಒಳ್ಳೆಯ ಅರ್ಥಧಾರಿಗಳು ಮಾಡುವುದೂ ಅದನ್ನೇ. ಬಾಣ ತಾಗಿ ಬಿದ್ದ ವಾಲಿ, ರಾಮನ ಮಾತನ್ನು ಅಲ್ಲಗಳೆಯುವುದಿಲ್ಲ. ಸರಿ, ನೀನು ಭರತನ ಪ್ರತಿನಿಧಿ ಅಂತಲೇ ಇಟ್ಟುಕೊಳ್ಳೋಣ, ನನ್ನದು ಅಪರಾಧ ಅಂತಲೇ ಇಟ್ಟುಕೊಳ್ಳೋಣ, ಹಾಗಾದರೆ ವಿಚಾರಣೆ ಎಲ್ಲಿ, ಮರೆಯಲ್ಲಿ ನಿಂತದ್ದು ಯಾಕೆ ಅಂತ ಒಂದೊಂದೇ ಮೆಟ್ಟಿಲು ಇಳಿಸುತ್ತಾನೆ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದ ನನಗೆ ಆಮೇಲೆ ಎಷ್ಟೋ ವಕೀಲರ ವಾದ ಸಪ್ಪೆ ಅನ್ನಿಸಿತು. ಎದುರಾಳಿಯ ಮಾತನ್ನು ತಾತ್ಕಾಲಿಕವಾಗಿ ಒಪ್ಪಿಕೊಳ್ಳುವ ಈ ವಿದ್ಯೆಗೆ ನಮ್ಮ ಹಳೆಯ ತರ್ಕದ ನ್ಯಾಯಶಾಸ್ತ್ರದಲ್ಲಿ ಅಭ್ಯುಪಗಮ ಅಂತ ಹೆಸರೇ ಉಂಟು. ಊಹೆಯ ಇನ್ನೊಂದು ಬಗೆಯೂ ಅಲ್ಲಿ ಚರ್ಚೆಗೆ ಬರುತ್ತದೆ: ಹಗಲು ಉಣ್ಣದ ದೇವದತ್ತ ದಪ್ಪ ಇದ್ದಾನೆ ಅಂದ ಮೇಲೆ ರಾತ್ರಿ ಉಣ್ಣುತ್ತಿರಬೇಕು ಅಂತ ತಿಳಿಯುವುದು ಅರ್ಥಾಪತ್ತಿ. ಮೀಮಾಂಸಕರು ಅದನ್ನು ಪ್ರತ್ಯೇಕ ಪ್ರಮಾಣ ಅಂತ ಒಪ್ಪಿದರು, ನೈಯಾಯಿಕರು ಅನುಮಾನದೊಳಗೇ ಸೇರಿಸಿದರು. ಅರ್ಥಾಪತ್ತಿಗೆ ಇಂಗ್ಲಿಷಿನವರು ಹಾಕಿದ ಹೆಸರು ಯಾವುದು ಗೊತ್ತಾ? ಪ್ರಿಸಂಪ್ಷನ್. ನಿನ್ನ ಪ್ರಿಸ್ಯೂಮೇ.

ಚಿಲ್ಲರೆ ಎರಡು ಮಾತು. 'ಐ ಸಪೋಸ್' ಅಂತ ಸುಮ್ಮನೆ ಹೇಳಿದರೆ ಅದು 'ಹೂಂ, ಇರಬಹುದಪ್ಪ' ಅನ್ನುವ ಅರೆಮನಸ್ಸಿನ ಒಪ್ಪಿಗೆ. ಮೇಲಿನವರಿಗೆ ಬರೆಯುವಾಗ ಬೇಡ, ಉದಾಸೀನ ಅನ್ನಿಸುತ್ತದೆ. 'ಸಪೋಸ್ಡ್ ಟು' ಬೇರೆಯೇ ಪ್ರಾಣಿ, ಅದರಲ್ಲಿ ಊಹೆಗಿಂತ ಕರ್ತವ್ಯ ಹೆಚ್ಚು. ಲೈನ್‌ಮ್ಯಾನ್ ಇವತ್ತು ಬರಬೇಕಿತ್ತು, ಬರಲಿಲ್ಲ ಅನ್ನುವ ಜಾಗದಲ್ಲಿ ಅದನ್ನು ಹಾಕು. ಮತ್ತೆ 'ಪ್ರಿಸ್ಯೂಮ್' ಅನ್ನು ಮನುಷ್ಯರ ನಡತೆಗೆ ಹಾಕಿದರೆ ಅಧಿಕಪ್ರಸಂಗ ಅಂತ ಅರ್ಥ ಬರುತ್ತದೆ, ಅದೂ ನೆನಪಿರಲಿ.

ಈಗ ಮ್ಯಾನೇಜರ ಆ ಮಾತಿಗೆ ಕಾರಣವಾದ ನಿನ್ನ ಮೇಲ್. ಗಿರಾಕಿ ಡಿಸೈನು ಒಪ್ಪಿದ್ದಾರೆ ಅಂತ ಅಸ್ಯೂಮ್ ಮಾಡುತ್ತೇನೆ, ಕೆಲಸ ಶುರು ಮಾಡುತ್ತೇನೆ ಅಂತ ನೀನು ಬರೆದದ್ದು. ಅವರು ಒಪ್ಪಿರಲಿಲ್ಲ, ಒಂದು ವಾರದ ಕೆಲಸ ಹೋಯಿತು. ನಿನ್ನ ಮ್ಯಾನೇಜರು ಹೇಳಿದ ಹಾಗೆ ಊಹಿಸುವುದನ್ನೇ ಬಿಡು ಅಂತ ನಾನು ಹೇಳುವುದಿಲ್ಲ. ಏನನ್ನೂ ಊಹಿಸದೆ ಕೆಲಸ ಮಾಡುತ್ತೇನೆ ಅನ್ನುವವನಿಗೆ ಬೆಳಗ್ಗೆ ಹಾಸಿಗೆಯಿಂದ ಏಳಲೂ ಆಗಲಿಕ್ಕಿಲ್ಲ. ಅಸ್ಯೂಮ್ ಅನ್ನುವ ಶಬ್ದ ಬರೆದದ್ದೂ ತಪ್ಪಲ್ಲ, ಕನಿಷ್ಠ ನಿನಗೆ ಊಹಿಸುತ್ತಿದ್ದೇನೆ ಅಂತ ಗೊತ್ತಿತ್ತು. ಕೊರತೆ ಇದ್ದದ್ದು ಬೇರೆ ಕಡೆ. ಯಾವ ಆಧಾರ ಅಂತ ಹೇಳಲಿಲ್ಲ, ಅಲ್ಲ ಅನ್ನಬೇಕಾದವರು ಯಾರು ಅಂತ ಹೇಳಲಿಲ್ಲ, ಯಾವಾಗಿನ ತನಕ ಕಾಯುತ್ತೀ ಅಂತಲೂ ಹೇಳಲಿಲ್ಲ. ಮುಂದಿನ ಸಲ ಹೀಗೆ ಬರೆ: ಮಂಗಳವಾರದ ಮೀಟಿಂಗಿನಲ್ಲಿ ಅವರು ಒಪ್ಪಿದರಂತೆ, ಹಾಗೆಂದು ನಮ್ಮ ತಂಡದ ಇಂಥವರು ಹೇಳಿದರು, ಲಿಖಿತದಲ್ಲಿ ಏನೂ ಬಂದಿಲ್ಲ, ಗುರುವಾರ ಸಂಜೆಯೊಳಗೆ ನೀವು ಬೇಡ ಅನ್ನದಿದ್ದರೆ ಶುಕ್ರವಾರ ಶುರು ಮಾಡುತ್ತೇನೆ. ಇದರಲ್ಲಿ ಅಸ್ಯೂಮೂ ಇಲ್ಲ, ಪ್ರಿಸ್ಯೂಮೂ ಇಲ್ಲ. ಆದರೆ ಸ್ಟೀಫನ್ನನ ಎರಡನೇ ಮೆಟ್ಟಿಲು ಪೂರ್ತಿ ಇದೆ, ನಮ್ಮ '-ಅಂತೆ'ಯೂ ಇದೆ. ಮ್ಯಾನೇಜರು ಶುಕ್ರವಾರದ ಮೇಲೆ ಬಾಯಿ ತೆರೆದರೆ ಹೊಣೆ ಅವರ ಹೆಗಲಿಗೆ.

ಕಾಗದ ಉದ್ದವಾಯಿತು. ಅಜ್ಜಿ ಪತ್ರೊಡೆಗೆ ಕೆಸುವಿನ ಎಲೆ ಸುತ್ತುತ್ತಾ, ಚೌತಿಗೆ ನೀನು ಬರುವುದು ಖಂಡಿತಾ ಅಂತ ಪಕ್ಕದ ಮನೆಯವರಿಗೆ ಆಗಲೇ ಹೇಳಿಯಾಯಿತು. ಆಧಾರ ಕೇಳಿದೆ, ನನಗೇ ಬೈಗಳು ಬಿತ್ತು. ರಜೆ ಮಂಜೂರಾದ ಮೇಲೆ ಒಂದು ಮೆಸೇಜು ಹಾಕು. ಟಿಕೆಟ್ ಮಾಡುವ ಮೊದಲು ಶಿರಾಡಿ ರಸ್ತೆ ಹೇಗಿದೆ ಅಂತ ವಿಚಾರಿಸು, ಗುಡ್ಡ ಜರಿದು ಮುಚ್ಚಿದ್ದರೆ ಮಡಿಕೇರಿ, ಸಂಪಾಜೆ, ಸುಳ್ಯದ ದಾರಿಯಾಗಿ ಬರುವ ಬಸ್ಸು ಹಿಡಿ. ಪುತ್ತೂರಿನಲ್ಲಿ ಬೆಳಗ್ಗೆ ಎಷ್ಟು ಗಂಟೆಗೆ ಇಳಿಯುತ್ತೀ ಅಂತ ಸರಿಯಾಗಿ ಬರೆ, ಆಟೋದವನಿಗೆ ಹೇಳಿಡಬೇಕು. ಬರುವಾಗ ನನ್ನ ಕನ್ನಡಕದ ಫ್ರೇಮಿನ ಸಣ್ಣ ಸ್ಕ್ರೂ ಸಿಕ್ಕಿದರೆ ತಾ. ಇಲ್ಲಿ ದಾರ ಕಟ್ಟಿ ಓದುತ್ತಿದ್ದೇನೆ.

ಇತಿ,
ನಿನ್ನ ಅಜ್ಜ